ತಾಪೀ ತೀರದ ಸೂರತ್ತು: ಜನ, ಸಂಪತ್ತು, ಜಲಭಯ



ನದಿಯಿಲ್ಲದ ಊರು ವಾಸಕ್ಕೆ ಯೋಗ್ಯವಲ್ಲವೆಂಬುದು ನಮ್ಮ ಹಿರಿಯರ ಮತ. ಕುಡಿಯುವ ನೀರು, ಪೈರಿಗೆ ನೀರು, ಸರಕು ಸಾಗಿಸಲು ದಾರಿ ಇವು ಮೂರೂ ನದಿಯಿಂದಲೇ ದೊರೆಯುತ್ತಿದ್ದುವಾದ ಕಾರಣ, ಪ್ರಪಂಚದ ದೊಡ್ಡ ಪಟ್ಟಣಗಳಲ್ಲಿ ಬಹುಪಾಲು ನದೀತೀರದಲ್ಲಿಯೇ ಹುಟ್ಟಿದುವು. ಆದರೆ ಊರನ್ನು ಸಾಕುವ ನದಿಯೇ ಒಂದೊಂದು ವರ್ಷ ಊರೊಳಕ್ಕೆ ನುಗ್ಗುವುದೂ ಉಂಟು. ಹೀಗಿರುವಾಗ ಇಂಥ ಊರಿನಲ್ಲಿ ಜನ ಏಕೆ ಸೇರುತ್ತಾರೆ, ಏನನ್ನು ಗಳಿಸುತ್ತಾರೆ, ಏನನ್ನು ಪಣವಾಗಿ ಒಡ್ಡಿ ಬಾಳುತ್ತಾರೆ ಎಂಬುದನ್ನು ಒಂದು ನಗರದ ಉದಾಹರಣೆಯಿಂದ ಈ ದಿನ ವಿಚಾರಮಾಡೋಣ. ಆ ನಗರ ಗುಜರಾತಿನ ಸೂರತ್ತು.

ಸೂರತ್ತು ನಮಗೆ ದೂರದ ಊರು. ಅದರ ಕೈಕೆಲಸವಾದರೋ ನಮ್ಮ ಮನೆಗಳಿಗೆ ಹೊಸದಲ್ಲ. ಮದುವೆಯ ಸೀರೆಯ ಸೆರಗಿನಲ್ಲಿ ಹೊಳೆಯುವ ಜರಿ ಬಹುಕಾಲದಿಂದಲೂ ಅಲ್ಲಿಂದಲೇ ಬರುತ್ತಿದೆ. ಕಾಂಚೀಪುರದ ಮಗ್ಗಗಳಿಗೂ, ನಮ್ಮ ಮೈಸೂರಿನ ರೇಷ್ಮೆಯ ಮಗ್ಗಗಳಿಗೂ ಜರಿಯನ್ನು ಒದಗಿಸಿದ ಊರು ಅದು. ಹಾಗೆಯೇ ಉಂಗುರದಲ್ಲಿ ಕೂಡಿಸಿದ ಸಣ್ಣ ವಜ್ರ ಪ್ರಪಂಚದ ಯಾವ ಗಣಿಯಿಂದ ಬಂದುದಾದರೂ, ಅದಕ್ಕೆ ಸಾಣೆ ಹಿಡಿದ ಕೈ ಸೂರತ್ತಿನದಾಗಿರುವ ಸಂಭವವೇ ಹೆಚ್ಚು.

ಮೊದಲು ನದಿಯ ವಿಚಾರ. ತಪತಿಯೆಂಬುದು ಸೂರ್ಯನ ಮಗಳ ಹೆಸರೆಂದೂ, ಸಂವರಣರಾಜನ ಕೈಹಿಡಿದು ಕುರುವಿಗೆ ತಾಯಿಯಾದವಳು ಅವಳೇ ಎಂದೂ ಮಹಾಭಾರತದಲ್ಲಿ ಕಥೆಯಿದೆ. ಆ ಹೆಸರಿನ ನದಿ ಮಧ್ಯಪ್ರದೇಶದ ಬೇತೂಲ್ ಜಿಲ್ಲೆಯ ಮುಲ್ತಾಯಿಯ ಬಳಿ ಹುಟ್ಟಿ, ಸುಮಾರು ೭೨೪ ಕಿಲೋಮೀಟರು ಪಶ್ಚಿಮಾಭಿಮುಖವಾಗಿ ಹರಿದು, ಖಂಭಾತ್ ಕೊಲ್ಲಿಯ ಬಳಿ ಸಮುದ್ರವನ್ನು ಸೇರುತ್ತದೆ. ಇದಕ್ಕೆ ನೀರು ಕೂಡಿಸುವ ಸೀಮೆಯ ವಿಸ್ತಾರ ಸುಮಾರು ೬೫ ಸಾವಿರ ಚದರ ಕಿಲೋಮೀಟರು. ಅದರಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಮಹಾರಾಷ್ಟ್ರಕ್ಕೆ ಸೇರಿದುದು. ಗುಜರಾತಿನ ಪಾಲು ಬಹಳ ಅಲ್ಪ. ಸೂರತ್ತಿನ ಮೇಲೆ ಒಂದು ಹನಿಯೂ ಬೀಳದ ದಿನದಲ್ಲಿ ಕೂಡ ಸೂರತ್ತು ಮುಳುಗಬಹುದೆಂಬುದಕ್ಕೆ ಇದೇ ಕಾರಣ. ಮಳೆ ಬೀಳುವುದು ಖಾನ್‌ದೇಶದಲ್ಲಿ, ನೆರೆ ಬರುವುದು ಸೂರತ್ತಿಗೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸತಕ್ಕದ್ದು. ಬಂಗಾಳ ಕೊಲ್ಲಿಯಲ್ಲಿ ಹುಟ್ಟುವ ಮಳೆಗಾಲದ ವಾಯುಭಾರ ಕುಸಿತಗಳು ಮಧ್ಯ ಹಿಂದೂಸ್ಥಾನವನ್ನು ದಾಟಿ ಪಶ್ಚಿಮಕ್ಕೆ ಸಾಗುತ್ತವೆ. ತಾಪಿಯೂ ಪಶ್ಚಿಮಕ್ಕೇ ಹರಿಯುತ್ತದೆ. ಮೇಲಿನ ಮೋಡ, ಕೆಳಗಿನ ಹೊಳೆ ಎರಡೂ ಒಂದೇ ದಿಕ್ಕಿಗೆ ನಡೆದಾಗ, ಮೇಲುಸೀಮೆಯಿಂದ ಇಳಿದು ಬರುತ್ತಿರುವ ನೆರೆಯ ಮೇಲೆಯೇ ಕೆಳಸೀಮೆಯ ಹೊಸ ಮಳೆಯ ನೀರು ಬಂದು ಕೂಡುತ್ತದೆ. ಎದುರು ದಿಕ್ಕಿನಲ್ಲಿ ಹರಿಯುವ ನದಿಯಾಗಿದ್ದರೆ ಒಂದು ನೀರು ಇಳಿದ ಮೇಲೆ ಮತ್ತೊಂದು ಬರುತ್ತಿದ್ದಿತು. ಇದರ ಜೊತೆಗೆ ಸಮುದ್ರದ ಕಾಟವೂ ಉಂಟು. ಖಂಭಾತ್ ಕೊಲ್ಲಿಯ ಭರತ ಇಳಿತಗಳು ನಮ್ಮ ದೇಶದ ಕರಾವಳಿಯಲ್ಲೆಲ್ಲ ಅತಿ ದೊಡ್ಡವು. ಸೂರತ್ತು ಸಮುದ್ರಕ್ಕೆ ಹತ್ತಿರವಾದ, ತಗ್ಗಾದ, ಮಟ್ಟಸವಾದ ನೆಲದಲ್ಲಿದೆ. ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಭರತದ ಹೊತ್ತಿಗೆ ಸರಿಯಾಗಿ ನೆರೆಯೂ ಬಂದರೆ, ನದಿಯ ನೀರು ಇಳಿಯಲು ದಾರಿಯಿಲ್ಲದೆ ಊರಿನ ಕಡೆಗೆ ಹರಡುತ್ತದೆ.

ಇಷ್ಟು ಅಪಾಯವಿರುವ ಸ್ಥಳದಲ್ಲಿ ನಗರ ಹುಟ್ಟಿದುದಾದರೂ ಏಕೆ? ಸಮುದ್ರ ಅಲ್ಲಿಗೆ ಬರುತ್ತಿದ್ದುದರಿಂದಲೇ ಹುಟ್ಟಿತು. ಮೊಗಲರ ಕಾಲದಲ್ಲಿ ಸೂರತ್ತು ಸಾಮ್ರಾಜ್ಯದ ಮುಖ್ಯ ಬಂದರಾಗಿದ್ದಿತು. ಮಕ್ಕಾ ಯಾತ್ರಿಕರು ಹಡಗು ಹತ್ತುತ್ತಿದ್ದುದೂ ಅಲ್ಲಿಂದಲೇ. ೧೬೧೨ರಲ್ಲಿ ನದೀಮುಖದ ಸಮೀಪದ ಸುವಾಲಿಯ ಬಳಿ ಇಂಗ್ಲಿಷರು ಪೋರ್ಚುಗೀಸರನ್ನು ಸಮುದ್ರಯುದ್ಧದಲ್ಲಿ ಸೋಲಿಸಿದರು. ಮುಂದಿನ ವರ್ಷ ಸೂರತ್ತಿನಲ್ಲಿ ಅವರ ವ್ಯಾಪಾರದ ಕೋಠಿ ನೆಲೆಗೊಂಡಿತು. ಜಹಾಂಗೀರನ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದ ಸರ್ ಥಾಮಸ್ ರೋ ೧೬೧೫ರಲ್ಲಿ ಇಳಿದುದೂ ಈ ಬಂದರಿನಲ್ಲಿಯೇ. ಆ ಐಶ್ವರ್ಯವೇ ೧೬೬೪ರಲ್ಲಿಯೂ ೧೬೭೦ರಲ್ಲಿಯೂ ಶಿವಾಜಿಯ ಸೇನೆಯನ್ನು ಅತ್ತ ಸೆಳೆಯಿತು. ೧೬೮೭ರಲ್ಲಿ ಕಂಪನಿಯವರು ತಮ್ಮ ಮುಖ್ಯ ಠಾಣೆಯನ್ನು ಮುಂಬಯಿಗೆ ಒಯ್ದರು. ನದಿಯ ಹೂಳು ಹೆಚ್ಚಿತು, ಹಡಗುಗಳು ದೊಡ್ಡವಾದುವು, ಬಂದರಿನ ಭಾಗ್ಯ ಕ್ಷೀಣವಾಯಿತು. ೧೮೩೭ರಲ್ಲಿ ಬೆಂಕಿಬಿದ್ದು ಒಂಬತ್ತು ಸಾವಿರಕ್ಕೂ ಹೆಚ್ಚು ಮನೆಗಳು ಉರಿದುಹೋದುವು. ಅದೇ ವರ್ಷ ನೆರೆಯೂ ಬಂದಿತು. ಬಹು ಮಂದಿ ವರ್ತಕರು ಊರನ್ನು ಬಿಟ್ಟು ಮುಂಬಯಿಯನ್ನು ಸೇರಿದರು.

ಇನ್ನು ಜನಸಂಖ್ಯೆಯ ಲೆಕ್ಕವನ್ನು ನೋಡೋಣ. ೧೯೦೧ರ ಖಾನೇಷುಮಾರಿಯಲ್ಲಿ ಸೂರತ್ತಿನ ಜನ ೧ ಲಕ್ಷ ೧೯ ಸಾವಿರ. ಐವತ್ತು ವರ್ಷ ಕಳೆದು ೧೯೫೧ರಲ್ಲಿ ೨ ಲಕ್ಷ ೨೩ ಸಾವಿರ. ಇಲ್ಲಿಯವರೆಗೆ ಬೆಳವಣಿಗೆ ಮಂದಗತಿಯದು. ೧೯೭೧ರಲ್ಲಿ ಅದು ಸುಮಾರು ೪ ಲಕ್ಷ ೭೦ ಸಾವಿರಕ್ಕೆ ಏರಿತು; ೧೯೯೧ರಲ್ಲಿ ೧೫ ಲಕ್ಷವನ್ನು ಮುಟ್ಟಿತು; ೨೦೦೧ರಲ್ಲಿ ೨೪ ಲಕ್ಷವನ್ನು ದಾಟಿತು; ೨೦೧೧ರಲ್ಲಿ ೪೪ ಲಕ್ಷವನ್ನು ಮೀರಿತು. ಈ ಕೊನೆಯ ಏರಿಕೆಯಲ್ಲಿ ಒಂದಂಶ ೨೦೦೬ರಲ್ಲಿ ಸುತ್ತಲ ಗ್ರಾಮಗಳನ್ನು ನಗರದ ಎಲ್ಲೆಯೊಳಕ್ಕೆ ಸೇರಿಸಿದುದರಿಂದ ಆದುದೆಂಬುದನ್ನು ಮರೆಯಬಾರದು. ಆಗ ನಗರದ ವಿಸ್ತಾರ ೧೧೨ ಚದರ ಕಿಲೋಮೀಟರಿನಿಂದ ೩೨೬ಕ್ಕೆ ಹೆಚ್ಚಿತು. ಆದರೂ ಅರುವತ್ತು ವರ್ಷಗಳಲ್ಲಿ ಜನ ಸುಮಾರು ಇಪ್ಪತ್ತರಷ್ಟಾದುದು ಸಾಮಾನ್ಯ ಸಂಗತಿಯಲ್ಲ.

ಇವರೆಲ್ಲ ಎಲ್ಲಿಂದ ಬಂದರು? ಜನಗಣತಿಯ ಮತ್ತೊಂದು ಅಂಕೆ ಇದಕ್ಕೆ ಉತ್ತರ ಹೇಳುತ್ತದೆ. ೨೦೧೧ರಲ್ಲಿ ಸೂರತ್ತಿನಲ್ಲಿ ಸಾವಿರ ಗಂಡಸರಿಗೆ ಹೆಂಗಸರ ಸಂಖ್ಯೆ ೭೬೦ನ್ನೂ ಮುಟ್ಟಲಿಲ್ಲ. ಸಂಸಾರಗಳು ನೆಲೆನಿಂತು ಬೆಳೆದ ಊರಿನ ಲಕ್ಷಣ ಇದಲ್ಲ. ಹೆಂಡಿರು ಮಕ್ಕಳನ್ನು ಹುಟ್ಟೂರಿನಲ್ಲಿ ಬಿಟ್ಟು ಕೂಲಿಗೆ ಬಂದ ಗಂಡಸರ ಊರು ಇದು. ಸೌರಾಷ್ಟ್ರದ ಬರಸೀಮೆಯ ರೈತರ ಮಕ್ಕಳು ವಜ್ರದ ಕೆಲಸಕ್ಕೆ ಬಂದರು. ಒಡಿಶಾದ ಗಂಜಾಂ ಜಿಲ್ಲೆಯವರು ಸಾವಿರಾರು ಮಂದಿ ಮಗ್ಗಗಳಿಗೆ ಬಂದರು. ಉತ್ತರಪ್ರದೇಶ, ಬಿಹಾರ, ಮಹಾರಾಷ್ಟ್ರ, ತೆಲುಗುಸೀಮೆಗಳಿಂದಲೂ ಜನ ಬಂದು ಸೇರಿದರು. ಮಗ್ಗದ ಕೂಲಿಗಾರರು ಒಂದೊಂದು ಕೋಣೆಯಲ್ಲಿ ಹತ್ತಾರು ಮಂದಿಯಂತೆ ಇರುತ್ತಾರೆ. ಹಗಲು ಪಾಳಿಯವನು ಎದ್ದು ಹೋದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಬಂದು ಮಲಗುವುದೂ ಉಂಟು.

ಊರಿನ ಸಂಪತ್ತು ಮುಖ್ಯವಾಗಿ ಮೂರು ಕಸಬುಗಳ ಮೇಲೆ ನಿಂತಿದೆ. ಮೊದಲನೆಯದು ಬಟ್ಟೆ. ಹಳೆಯ ಜರಿ ಮತ್ತು ರೇಷ್ಮೆಯ ಕೈಮಗ್ಗಗಳಿಂದ ಹುಟ್ಟಿದ ಈ ಕಸಬು ಕ್ರಮೇಣ ವಿದ್ಯುನ್ಮಗ್ಗಗಳಿಗೂ ಕೃತಕ ನೂಲಿಗೂ ತಿರುಗಿತು. ಲಕ್ಷಾಂತರ ಮಗ್ಗಗಳು ಅಲ್ಲಿವೆ. ಕಡಮೆ ಬೆಲೆಯ ಬಣ್ಣದ ಸೀರೆ ದೇಶದ ಯಾವ ಸಂತೆಯಲ್ಲಿ ಮಾರಾಟವಾದರೂ ಅದು ಸೂರತ್ತಿನದಾಗಿರಬಹುದು. ಎರಡನೆಯದು ವಜ್ರ. ಪ್ರಪಂಚದಲ್ಲಿ ಸಾಣೆ ಹಿಡಿಯುವ ವಜ್ರಗಳನ್ನು ಎಣಿಕೆಯಿಂದ ನೋಡಿದರೆ ಹತ್ತರಲ್ಲಿ ಸುಮಾರು ಒಂಬತ್ತು ಹಿಂದೂಸ್ಥಾನದಲ್ಲಿ ಸಿದ್ಧವಾಗುತ್ತವೆ. ಅವುಗಳಲ್ಲಿ ಬಹುಭಾಗ ಈ ಒಂದು ನಗರದ್ದು. ೨೦೨೩ರ ಡಿಸೆಂಬರಿನಲ್ಲಿ ಅಲ್ಲಿ ವಜ್ರವ್ಯಾಪಾರಕ್ಕಾಗಿ ಒಂಬತ್ತು ಗೋಪುರಗಳ, ನಾಲ್ಕು ಸಾವಿರಕ್ಕೂ ಹೆಚ್ಚು ಕಚೇರಿಗಳ ಮಹಾಸೌಧವೊಂದು ತೆರೆಯಿತು. ಮೂರನೆಯದು ನದೀಮುಖದಲ್ಲಿರುವ ಹಜೀರಾದ ದೊಡ್ಡ ಕಾರ್ಖಾನೆಗಳು: ಉಕ್ಕು, ಗೊಬ್ಬರ, ಅನಿಲ, ರಾಸಾಯನಿಕಗಳು.

ಈ ಸಂಪತ್ತು ದೊಡ್ಡದಾದರೂ ಭದ್ರವಾದುದಲ್ಲ. ಸಾಣೆ ಹಿಡಿಯುವ ಕಲ್ಲು ಪರದೇಶದಿಂದ ಬರಬೇಕು, ಸಿದ್ಧವಾದ ವಜ್ರ ಪರದೇಶಕ್ಕೇ ಹೋಗಬೇಕು. ೨೦೦೮ರಲ್ಲಿ ಅಮೆರಿಕೆಯ ಹಣದ ಪೇಟೆ ಕುಸಿದಾಗ ಸೂರತ್ತಿನಲ್ಲಿ ಅಸಂಖ್ಯಾತ ಸಾಣೆಗಾರರು ಕೆಲಸ ಕಳೆದುಕೊಂಡು ಸೌರಾಷ್ಟ್ರಕ್ಕೆ ಹಿಂದಿರುಗಿದರು. ೨೦೨೨ರಿಂದ ಈಚೆಗೆ ರಷ್ಯದ ಕಲ್ಲಿನ ಮೇಲಿನ ನಿರ್ಬಂಧ, ಯಂತ್ರಶಾಲೆಯಲ್ಲಿ ಬೆಳೆಸಿದ ವಜ್ರದ ಪೈಪೋಟಿ, ಬೇಡಿಕೆಯ ಇಳಿತ, ಇವುಗಳಿಂದ ಮತ್ತೆ ಕಷ್ಟ ಬಂದಿತು. ೨೦೨೦ರಲ್ಲಿ ಕೋವಿಡ್ ರೋಗದ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿದಾಗ, ಊರಿಗೆ ಕಳುಹಿಸಿಕೊಡಿರೆಂದು ಮಗ್ಗದ ಕೂಲಿಗಾರರು ಬೀದಿಗಿಳಿದರು. ದಿನದ ಕೂಲಿಯಿಂದ ದಿನ ಕಳೆಯುವವನಿಗೆ ಎರಡು ವಾರದ ವಿರಾಮವೂ ಒಂದು ನೆರೆಯೇ ಸರಿ.

ಈಗ ನಿಜವಾದ ನೆರೆಯ ವಿಚಾರಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದಿಂದ ಈಚೆಗೆ ತಾಪಿ ಅನೇಕ ಸಲ ಊರನ್ನು ಹೊಕ್ಕಿದೆ. ೧೯೬೮ರ ನೆರೆ ಅವುಗಳಲ್ಲಿ ಬಹು ದೊಡ್ಡದು. ಆಗ ನದಿಯಲ್ಲಿ ಸೆಕೆಂಡಿಗೆ ಸುಮಾರು ೧೫ ಲಕ್ಷ ಘನ ಅಡಿ ನೀರು ಹರಿಯಿತೆಂದು ಲೆಕ್ಕ. ಮುಂದೆ ೧೯೭೨ರಲ್ಲಿ ಸೂರತ್ತಿಗೆ ಸುಮಾರು ನೂರು ಕಿಲೋಮೀಟರು ಮೇಲುಗಡೆ ಉಕಾಯಿಯ ಅಣೆಕಟ್ಟು ಮುಗಿಯಿತು. ನಮ್ಮ ಕನ್ನಂಬಾಡಿಯ ಜಲಾಶಯದ ಐದರಷ್ಟಕ್ಕಿಂತಲೂ ಹೆಚ್ಚು ನೀರು ಹಿಡಿಯುವ ಜಲಾಶಯ ಅದು. ಅದಕ್ಕಾಗಿ ನೂರಕ್ಕೂ ಮಿಕ್ಕ ಹಳ್ಳಿಗಳು ಮುಳುಗಿದುವು. ಅಲ್ಲಿಯವರಲ್ಲಿ ಬಹುಪಾಲು ಆದಿವಾಸಿಗಳು. ಕೆಳಗಿನ ಊರಿನ ನೆಮ್ಮದಿಗೆ ಮೇಲಿನ ಹಳ್ಳಿಗಳು ಬೆಲೆ ಕೊಟ್ಟುವೆಂಬುದನ್ನು ಲೆಕ್ಕದಿಂದ ಬಿಡತಕ್ಕದ್ದಲ್ಲ.

ಅಣೆಕಟ್ಟಿನಿಂದ ಏನಾಯಿತು? ಸಣ್ಣಪುಟ್ಟ ನೆರೆಗಳು ನಿಂತುವು. ವರ್ಷ ಎರಡು ವರ್ಷಕ್ಕೊಮ್ಮೆ ಕಾಲು ತೋಯಿಸುತ್ತಿದ್ದ ನೀರು ಬಾರದೆ ಹೋದಾಗ, ಜನಕ್ಕೆ ನದಿಯ ಭಯ ತಪ್ಪಿತು. ಹಿಂದೆ ನೆರೆಗೆಂದು ಬಿಟ್ಟಿದ್ದ ತಗ್ಗುನೆಲದಲ್ಲಿ ಬಡಾವಣೆಗಳು ಎದ್ದುವು. ನದಿಯ ಎರಡು ಕಡೆಯೂ ಏರಿ ಕಟ್ಟಿದರು. ಪಾತ್ರದ ಅಗಲ ಕಡಮೆಯಾಯಿತು. ಕುಡಿಯುವ ನೀರಿಗಾಗಿಯೂ ಸಮುದ್ರದ ಉಪ್ಪುನೀರನ್ನು ತಡೆಯುವುದಕ್ಕಾಗಿಯೂ ೧೯೯೫ರಲ್ಲಿ ಸಿಂಗಣಪೋರಿನ ಬಳಿ ನದಿಗೆ ಅಡ್ಡಲಾಗಿ ಕಟ್ಟೆ ಹಾಕಿದರು. ಅದರಿಂದ ಉಪಕಾರವೂ ಆಯಿತು, ಹೂಳೂ ಸೇರಿತು. ಹೀಗೆ ನದಿಯ ಹಾದಿ ಸಂಕುಚಿತವಾಗುತ್ತ ಬಂದ ಕಾಲದಲ್ಲಿಯೇ, ಹಾದಿಯ ಅಂಚಿನಲ್ಲಿ ವಾಸಿಸುವ ಜನ ಹತ್ತರಷ್ಟಾದರು. ಈಚಿನ ಲೆಕ್ಕದಂತೆ, ಸೆಕೆಂಡಿಗೆ ಸುಮಾರು ೪ ಲಕ್ಷ ಘನ ಅಡಿಗಿಂತ ಹೆಚ್ಚು ನೀರು ಬಂದರೆ ನಗರದ ತಗ್ಗಿನ ಭಾಗಗಳಿಗೆ ಅಪಾಯ.

೨೦೦೬ರ ಆಗಸ್ಟಿನಲ್ಲಿ ಈ ಎಲ್ಲ ಲೆಕ್ಕವೂ ಒಮ್ಮೆಗೇ ಬಂದು ಮುಂದೆ ನಿಂತಿತು. ಜಲಾಶಯದಲ್ಲಿ ಆಗಲೇ ಬಹಳ ನೀರು ಸೇರಿದ್ದಿತು. ಆ ತಿಂಗಳ ಮೊದಲ ವಾರದಲ್ಲಿ ಮೇಲುಸೀಮೆಯಲ್ಲಿ ಅತಿಯಾದ ಮಳೆಯಾಯಿತು. ಒಳಕ್ಕೆ ಬರುವ ನೀರನ್ನು ತಡೆದು ನಿಲ್ಲಿಸುವಷ್ಟು ಸ್ಥಳ ಉಳಿದಿರಲಿಲ್ಲ, ಬಾಗಿಲುಗಳನ್ನು ಎತ್ತಲೇಬೇಕಾಯಿತು. ಸೆಕೆಂಡಿಗೆ ಸುಮಾರು ೯ ಲಕ್ಷ ಘನ ಅಡಿಯವರೆಗೆ ನೀರು ಬಿಟ್ಟರು. ಸೆಕೆಂಡಿಗೆ ಎರಡೂವರೆ ಕೋಟಿ ಲೀಟರು ಎಂದರೆ ಇದರ ಪ್ರಮಾಣ ಸ್ವಲ್ಪ ಮನಸ್ಸಿಗೆ ಬಂದೀತು. ಒಂದು ದಿನ ಪೂರ್ತಿ ಈ ವೇಗದಲ್ಲಿ ಹರಿದರೆ ಆ ಮಹಾಜಲಾಶಯದ ಕಾಲುಭಾಗಕ್ಕೂ ಹೆಚ್ಚು ನೀರು ಬರಿದಾಗುತ್ತದೆ. ನಗರದ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ಭಾಗ ಮುಳುಗಿತು. ಅಡಾಜಣ, ರಾಂದೇರ್, ಅಠವಾ ಮೊದಲಾದ ಕಡೆಗಳಲ್ಲಿ ಜನ ಮೇಲಂತಸ್ತುಗಳಲ್ಲಿ ದಿನಗಟ್ಟಲೆ ಸಿಕ್ಕಿಕೊಂಡರು. ದೀಪವಿಲ್ಲ, ಕುಡಿಯಲು ನೀರಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ೧೯೬೮ಕ್ಕಿಂತ ಬಹಳ ಕಡಮೆ ನೀರು; ಹಾನಿಯಾದರೋ ಬಹಳ ಹೆಚ್ಚು. ನೆರೆಯ ಹಾನಿಯನ್ನು ನೀರಿನ ಅಳತೆಯಿಂದ ಮಾತ್ರ ತಿಳಿಯಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

ಇಲ್ಲಿ ತಪ್ಪು ಯಾರದೆಂದು ಹೇಳುವುದಕ್ಕೆ ಮುಂಚೆ ಅಣೆಕಟ್ಟಿನ ಧರ್ಮಸಂಕಟವನ್ನು ಅರಿಯಬೇಕು. ನೀರಾವರಿಗೂ, ವಿದ್ಯುಚ್ಛಕ್ತಿಗೂ, ಊರಿನ ನಲ್ಲಿಗೂ ಜಲಾಶಯ ತುಂಬಿರಬೇಕು. ನೆರೆಯನ್ನು ತಡೆಯುವುದಕ್ಕೆ ಅದು ಬರಿದಾಗಿರಬೇಕು. ಆಗಸ್ಟಿನಲ್ಲಿ ನೀರನ್ನು ಹೊರಕ್ಕೆ ಬಿಟ್ಟು, ಸೆಪ್ಟೆಂಬರಿನಲ್ಲಿ ಮಳೆ ಬಾರದೆ ಹೋದರೆ, ಕಬ್ಬಿನ ರೈತನಿಗೆ ಉತ್ತರ ಕೊಡುವವರು ಯಾರು? ಬಿಡದೆ ಇಟ್ಟುಕೊಂಡು ಮಳೆ ಹೆಚ್ಚಾದರೆ, ಮುಳುಗಿದ ಊರಿಗೆ ಉತ್ತರ ಕೊಡುವವರು ಯಾರು? ಒಂದೇ ಪಾತ್ರೆಯಿಂದ ಎರಡು ವಿರುದ್ಧ ಕೆಲಸಗಳನ್ನು ಮಾಡಿಸಬೇಕಾದರೆ, ಯಾವ ತಿಂಗಳಲ್ಲಿ ಎಷ್ಟು ಖಾಲಿಯಿರತಕ್ಕದ್ದೆಂಬ ಕಟ್ಟಳೆಯಿರಬೇಕು. ಆಸೆಗೆ ಬಲಿಬಿದ್ದು ಅದನ್ನು ಮೀರಬಾರದು.

ಈ ತತ್ತ್ವವನ್ನು ಬಹು ಹಿಂದೆಯೇ ಕಾರ್ಯದಲ್ಲಿ ತೋರಿಸಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ಮುಂಬಯಿ ಸರಕಾರದ ಇಂಜಿನಿಯರರಾಗಿ ಸೇರಿದ ಆರಂಭದಲ್ಲಿ ಖಾನ್‌ದೇಶದ ಪಾಂಝ್ರಾ ನದಿಯಲ್ಲಿ ಕೆಲಸಮಾಡಿದರು. ಅದು ತಾಪಿಯ ಉಪನದಿ. ಮುಂದೆ ಕೆಲವು ಕಾಲ ಸೂರತ್ತಿನಲ್ಲಿಯೂ ಅವರು ಇಂಜಿನಿಯರರಾಗಿದ್ದರು. ೧೯೦೮ರಲ್ಲಿ ಮೂಸೀ ನದಿ ಹೈದರಾಬಾದನ್ನು ಹಾಳುಗೆಡವಿದಾಗ, ನಿಜಾಮ ಸರಕಾರ ಅವರ ಸಲಹೆಯನ್ನು ಕೇಳಿತು. ನಗರದಲ್ಲಿ ಏರಿಯನ್ನು ಎತ್ತರಿಸಿದರೆ ಸಾಲದು, ನೆರೆಯ ನೀರನ್ನು ನಗರದ ಮೇಲುಗಡೆ ಹಿಡಿದು ನಿಲ್ಲಿಸಿ ಮೆಲ್ಲಗೆ ಬಿಡಬೇಕೆಂಬುದು ಅವರ ಸಲಹೆಯ ಸಾರ. ಅದರ ಫಲವೇ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು. ನೀರನ್ನು ಹಿಡಿಯಬೇಕಾದರೆ ಪಾತ್ರೆಯಲ್ಲಿ ಸ್ಥಳವಿರಬೇಕೆಂಬುದು ಸಾಮಾನ್ಯ ಜ್ಞಾನ. ಆದರೆ ಸುಭಿಕ್ಷದ ವರ್ಷಗಳಲ್ಲಿ ಮೊದಲು ಮರೆಯುವುದೂ ಅದನ್ನೇ.

ನೆರೆಯೊಂದೇ ಸೂರತ್ತಿನ ಭಯವಲ್ಲ. ಊರಿನ ಪೂರ್ವ ದಕ್ಷಿಣ ಭಾಗಗಳಲ್ಲಿ ಖಾಡಿಗಳೆಂಬ ಹಳ್ಳಗಳು ಹರಿಯುತ್ತವೆ. ಸ್ಥಳೀಯ ಮಳೆ ಜೋರಾದರೆ ಇವು ಉಕ್ಕಿ ಲಿಂಬಾಯತ್ ಮೊದಲಾದ ಕೂಲಿಗಾರರ ಕೇರಿಗಳನ್ನು ತುಂಬುತ್ತವೆ. ನದಿಯ ನೆರೆ ಅಪರೂಪ. ಖಾಡಿಯ ನೆರೆ ಪದೇ ಪದೇ ಬರುವಂಥದು. ಭೂಕಂಪದ ಭಯವೂ ತಪ್ಪಿದುದಲ್ಲ: ೨೦೦೧ರ ಜನವರಿ ೨೬ರಂದು ಕಚ್ಛದಲ್ಲಿ ಭೂಮಿ ನಡುಗಿದಾಗ, ಅಷ್ಟು ದೂರದ ಸೂರತ್ತಿನಲ್ಲಿಯೂ ಮನೆಗಳು ಕುಸಿದು ಜನ ಸತ್ತರು.

ಇವೆಲ್ಲಕ್ಕಿಂತ ಊರಿಗೆ ಹೆಚ್ಚು ಅಪಕೀರ್ತಿ ತಂದುದು ೧೯೯೪ರ ಪ್ಲೇಗು. ಆ ಮಳೆಗಾಲದಲ್ಲಿಯೂ ನೆರೆ ಬಂದಿದ್ದಿತು. ನಿಂತ ನೀರು, ಕೊಳೆತ ಕಸ, ಸತ್ತ ಪ್ರಾಣಿಗಳು ಬೀದಿಗಳಲ್ಲಿ ಉಳಿದುವು. ಸೆಪ್ಟೆಂಬರಿನಲ್ಲಿ ರೋಗ ಕಾಣಿಸಿತು. ಐವತ್ತರಷ್ಟು ಜನ ಸತ್ತರು. ಆದರೆ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಕಥೆಯನ್ನು ಹಿರಿಯರಿಂದ ಕೇಳಿದವರಿಗೆ ಈ ಭಯದ ಸ್ವರೂಪವನ್ನು ವಿವರಿಸಬೇಕಾಗಿಲ್ಲ.

ಆದರೆ ಅದರ ಮುಂದಿನ ಕಥೆ ಸಂತೋಷವನ್ನುಂಟುಮಾಡತಕ್ಕದ್ದು. ೧೯೯೫ರಲ್ಲಿ ನಗರಸಭೆಯ ಕಮಿಷನರಾಗಿ ಬಂದ ಎಸ್. ಆರ್. ರಾವ್ ಅವರು ಹೊಸ ಶಾಸ್ತ್ರವನ್ನೇನೂ ಕಂಡುಹಿಡಿಯಲಿಲ್ಲ. ಅಧಿಕಾರಿಗಳು ದಿನವೂ ಬೀದಿಗಿಳಿದು ನೋಡಬೇಕೆಂದರು. ಯಾವ ಭಾಗದ ಹೊಣೆ ಯಾರದೆಂದು ಗೊತ್ತುಮಾಡಿದರು. ಕಸವನ್ನು ಹೊತ್ತಿಗೆ ಸರಿಯಾಗಿ ಸಾಗಿಸಿದರು. ಬಡವರ ಕೇರಿಗಳಿಗೆ ನೀರು, ಕಕ್ಕಸು, ಚರಂಡಿಗಳನ್ನು ಒದಗಿಸಿದರು. ಕಟ್ಟಳೆ ಮೀರಿ ಕಟ್ಟಿದುದನ್ನು ಯಾರದೆಂದು ನೋಡದೆ ಕೆಡವಿದರು. ಎರಡು ವರ್ಷದೊಳಗೆ ದೇಶದ ಅತಿ ಕೊಳಕು ಊರೆಂದು ಹೆಸರಾಗಿದ್ದುದು ಅತಿ ಶುಚಿಯಾದ ಊರುಗಳ ಸಾಲಿಗೆ ಬಂದಿತು. ೨೦೦೬ರ ನೆರೆ ಇಳಿದ ಮೇಲೆ ಸಾಂಕ್ರಾಮಿಕ ರೋಗ ಹಬ್ಬದಂತೆ ಊರನ್ನು ಬೇಗ ಚೊಕ್ಕಟಮಾಡಲು ಸಾಧ್ಯವಾದುದು ಈ ಅಭ್ಯಾಸದ ಬಲದಿಂದಲೇ.

ನೆರೆಯ ವಿಷಯದಲ್ಲಿಯೂ ಆ ಬಳಿಕ ಪ್ರಯತ್ನ ನಡೆಯಿತು. ಮೇಲುಸೀಮೆಯ ಮಳೆಯ ಅಳತೆ, ಜಲಾಶಯದ ಮಟ್ಟ, ಭರತದ ವೇಳೆ ಇವುಗಳನ್ನು ಕೂಡಿಸಿ ಲೆಕ್ಕಹಾಕಿ, ಯಾವ ಬೀದಿಗೆ ಎಷ್ಟು ನೀರು ಬಂದೀತೆಂದು ಮುಂಚಿತವಾಗಿಯೇ ತಿಳಿಸುವ ಏರ್ಪಾಟನ್ನು ಮಾಡಿದರು. ಉಕಾಯಿಯಲ್ಲಿ ಬಿಟ್ಟ ನೀರು ಊರನ್ನು ಮುಟ್ಟುವುದಕ್ಕೆ ಕೆಲವು ಗಂಟೆಗಳು ಮಾತ್ರ ಹಿಡಿಯುತ್ತವೆ. ಮಳೆ ಬಿದ್ದಾಗಲೇ ಸುದ್ದಿ ತಿಳಿದರೆ ಆ ಗಂಟೆಗಳು ದಿನಗಳಾಗುತ್ತವೆ. ಮುದುಕರನ್ನೂ ಮಕ್ಕಳನ್ನೂ ಎತ್ತರದ ಸ್ಥಳಕ್ಕೆ ಸಾಗಿಸಲು ಅಷ್ಟು ಸಮಯ ಸಾಕು.

ಸುದ್ದಿ ತಿಳಿದರೂ ಹೋಗಲು ಸ್ಥಳವಿಲ್ಲದವನ ಗತಿಯೇನು? ಈ ಪ್ರಶ್ನೆಗೆ ಯಂತ್ರಗಳಿಂದ ಉತ್ತರ ದೊರೆಯದು. ಮೇಲಂತಸ್ತಿನ ಸಾಹುಕಾರನಿಗೆ ನೆರೆ ಒಂದು ವಾರದ ತೊಂದರೆ. ಖಾಡಿಯ ದಡದ ಒಂದೇ ಕೋಣೆಯಲ್ಲಿ, ತನ್ನ ಹೆಸರಿನಲ್ಲಿ ಪಡಿತರದ ಚೀಟಿಯೂ ಇಲ್ಲದೆ ಇರುವ ಮಗ್ಗದ ಕೂಲಿಗಾರನಿಗೆ ಅದು ಒಂದು ವರ್ಷದ ಉಳಿತಾಯ. ಅವನಿಂದಲೇ ಊರಿನ ಸಂಪತ್ತು. ಊರಿನ ಅಪಾಯದಲ್ಲಿ ದೊಡ್ಡ ಪಾಲೂ ಅವನದೇ. ಜನಸಂಖ್ಯೆ, ಸಂಪತ್ತು, ಅಪಾಯ ಇವು ಮೂರು ಬೇರೆ ಬೇರೆ ಅಧ್ಯಾಯಗಳೆಂದು ನಾವು ಪುಸ್ತಕಗಳಲ್ಲಿ ಓದುತ್ತೇವೆ. ಸೂರತ್ತಿನಲ್ಲಿ ನೋಡಿದರೆ ಅವು ಮೂರೂ ಒಂದೇ ವಿಷಯ. ಅಗ್ಗದ ಕೂಲಿಯಿಂದ ಕಸಬು ಬೆಳೆಯಿತು. ಕಸಬಿನಿಂದ ಜನ ಸೇರಿದರು. ಸೇರಿದ ಜನಕ್ಕೆ ಉಳಿದುದು ನದಿಗೆ ಸೇರಿದ ತಗ್ಗುನೆಲ.

ಆದುದರಿಂದ ನದೀತೀರದ ಯಾವ ಊರಿನಲ್ಲಿಯೇ ಆಗಲಿ ಪೌರರು ಮೂರು ಮಾತುಗಳನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ನದಿ ನೆರೆಬಂದಾಗ ಎಲ್ಲಿಯವರೆಗೆ ಹರಡುತ್ತಿದ್ದಿತು, ಆ ನೆಲದಲ್ಲಿ ಈಗ ಏನಿದೆ? ಮೇಲುಗಡೆಯ ಜಲಾಶಯದಲ್ಲಿ ಮಳೆಗಾಲದ ನಡುವೆ ಎಷ್ಟು ಸ್ಥಳವನ್ನು ಖಾಲಿಬಿಡುತ್ತಾರೆ? ನೀರು ಬರುತ್ತದೆಂದು ತಿಳಿದಾಗ ಕೇರಿಯ ಕಡೆಯ ಮನೆಯವನಿಗೆ ಅದನ್ನು ಹೇಳುವವರು ಯಾರು, ಅವನು ಹೋಗತಕ್ಕ ಸ್ಥಳ ಯಾವುದು? ಇವಕ್ಕೆ ಉತ್ತರವಿರುವ ಊರಿನಲ್ಲಿ ನದಿ ಬಂದು ಹೋಗುತ್ತದೆ, ಊರು ಉಳಿಯುತ್ತದೆ. ಉತ್ತರವಿಲ್ಲದ ಊರಿಗೆ ಎಷ್ಟು ವಜ್ರವಿದ್ದರೂ ರಕ್ಷೆಯಿಲ್ಲ.